ಸೆನ್ಸರ್ ಒಣಗುವಷ್ಟು ಹೊತ್ತು

ಮೆಕ್ಯಾನಿಕ್ ಐಲಿಫ್ ತನ್ನ ಗ್ಯಾರೇಜಿನಲ್ಲಿ ಸೆನ್ಸರ್ ತೊಳೆಯುವುದನ್ನು ಕೆಲಸ ಬಿಟ್ಟು ನಿಂತು ನೋಡಬೇಕು ಅನ್ನಿಸುತ್ತಿತ್ತು. ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವ ಹೆಬ್ಬೆರಳುದ್ದದ ತುಂಡು ಅದು. ಒಳಗೆ ಕೂದಲೆಳೆಯಂಥ ತಂತಿ. ಹಳೆಯ ಗಾಡಿಗಳಲ್ಲಿ ಅದಕ್ಕೆ ಎಣ್ಣೆ, ಧೂಳು ಹತ್ತಿಕೊಂಡರೆ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ನಾರ್ವೆಯ ಈ ಪಡುವಣ ಕರಾವಳಿಯಲ್ಲಿ ನಮ್ಮ ದ್ವೀಪದಿಂದ ಹೊರಗೆ ಹೋಗಬೇಕಾದರೆ ಸಮುದ್ರದಡಿಯ ಸುರಂಗಕ್ಕೆ ಇಳಿದು ಮತ್ತೆ ಏರಲೇಬೇಕು. ಆಚೆ ದಡದ ದೊಡ್ಡ ಗ್ಯಾರೇಜಿನವರು ಹಳೆಯದನ್ನು ಎಸೆದು ಹೊಸದು ಹಾಕುತ್ತಾರೆ. ಐಲಿಫ್ ಮಾತ್ರ ಬಿಚ್ಚಿ, ದೂರದಿಂದ ಸ್ಪ್ರೇ ಹೊಡೆದು, ಬಿಳಿ ಬಟ್ಟೆಯ ಮೇಲೆ ಒಣಗಲು ಬಿಡುತ್ತಿದ್ದ.

"ಮುಟ್ಟಬೇಡ ತುರ್ಗುನ್! ನಿನ್ನ ಕೈಯಲ್ಲಿರೋ ಬೆಣ್ಣೆ ಸಾಕು ಇದನ್ನ ಕೊಲ್ಲೋಕೆ."

"ಊದಿದ್ರೆ ಬೇಗ ಒಣಗಲ್ವಾ?"

"ನಿನ್ನ ಬಾಯಿಗಾಳಿ ಊರ ಸುದ್ದಿಗೆ ಇಟ್ಕೋ."

ತುರ್ಗುನ್ ಅಂದರೆ ನಾನೇ. ಹತ್ತೊಂಬತ್ತು ವರ್ಷ ಅವನ ಗ್ಯಾರೇಜಿನಲ್ಲಿ ಫೋನು, ಕಾಫಿ, ಗಿರಾಕಿಗಳ ಗೊಣಗಾಟ ನೋಡಿಕೊಂಡೆ. ಒಂಟಿ ಮನುಷ್ಯ, ಮಾತು ಒರಟು, ಕೆಲಸ ಅಪ್ಪಟ. ಅವನಿಗಿದ್ದದ್ದು ಒಂದೇ ಭಯ. ಅವನ ಅಪ್ಪ ಐವತ್ತೆಂಟಕ್ಕೇ ಮರೆವಿಗೆ ಬಿದ್ದು, ಮಗನ ಹೆಸರೂ ಗೊತ್ತಿಲ್ಲದೆ ಸತ್ತಿದ್ದರು. ಐಲಿಫ್‌ಗೆ ಆಗಲೇ ಐವತ್ತಾರು. ಹಾಗಾಗಿ ಏನು ಹೇಳಿದರೂ "ತಿರುಗಿ ಹೇಳು" ಅನ್ನುತ್ತಿದ್ದ. ನಾನು ಗಿಳಿಯ ಹಾಗೆ ಒಪ್ಪಿಸಬೇಕಿತ್ತು.

ಆ ಸೆಪ್ಟೆಂಬರಿನಲ್ಲಿ ಮನೆಮನೆಗೆ ಹೋಗುವ ದಾದಿಯರ ಹಳೆಯ ಡೀಸೆಲ್ ಕಾರು ಬಂತು. ಐಲಿಫ್ ಸೆನ್ಸರನ್ನು ಅದರ ಕೊಳವೆಯ ಸಮೇತ ಬಿಚ್ಚಿ, ತೊಳೆದು ಒಣಗಲಿಟ್ಟ. ಎಂಜಿನ್ ಕಡೆಯ ಬಾಯಿಗೆ ಧೂಳು ಹೋಗದಿರಲೆಂದು ಬಟ್ಟೆ ತುರುಕಿ, ತುಂತುರು ಮಳೆಯಿದ್ದುದರಿಂದ ಬಾನೆಟ್ ಮುಚ್ಚಿದ. ಅಂದು ಊರಿನ ಒಟ್ಟುಗೆಲಸದ ದಿನ. ಬಂದರಿನ ಹಲಗೆಗಳಿಗೆ ಬಣ್ಣ ಬಳಿಯಲು ಮನೆಗೊಬ್ಬರು ಹೋಗಲೇಬೇಕು. ತಪ್ಪಿಸಿಕೊಂಡವರನ್ನು ಈ ಊರು ಹತ್ತು ವರ್ಷ ಆಡಿಕೊಳ್ಳುತ್ತದೆ.

"ಬಟ್ಟೆ ತುರುಕಿದೀನಿ, ಆ ಕಾರು ಯಾರೂ ಮುಟ್ಟೋ ಹಾಗಿಲ್ಲ. ತಿರುಗಿ ಹೇಳು."

"ಬಟ್ಟೆ ತುರುಕಿದೀಯ, ಯಾರೂ ಮುಟ್ಟೋ ಹಾಗಿಲ್ಲ. ಹೋಗು ಮಾರಾಯ."

ಕೀಲಿ ಕಾರಿನಲ್ಲೇ ಇತ್ತು. ಇಲ್ಲಿ ಎಲ್ಲರ ಕೀಲಿಯೂ ಕಾರಿನಲ್ಲೇ ಇರುತ್ತದೆ. ಬೇಕಾದವರು ತೆಗೆದುಕೊಂಡು ಹೋಗಿ ತಂದು ನಿಲ್ಲಿಸುತ್ತಾರೆ. ಕೀಲಿ ತೆಗೆದಿಟ್ಟರೆ ನೆರೆಯವರನ್ನು ಕಳ್ಳರೆಂದ ಹಾಗೆ.

ಅರ್ಧ ಗಂಟೆಗೆ ನನ್ನ ಅಣ್ಣ ಆರ್ನ್‌ಫಿನ್ ಬಂದ. ಊರ ಮಂಡಳಿಯ ಅಧ್ಯಕ್ಷ. ಬಣ್ಣ ಮುಗಿದಿತ್ತು, ಆಚೆ ದಡಕ್ಕೆ ಹೋಗಿ ತರಬೇಕಿತ್ತು. ಸೀದಾ ದಾದಿಯರ ಕಾರಿನ ಬಾಗಿಲಿಗೆ ಕೈ ಹಾಕಿದ.

"ಅದು ಬೇಡ. ಗಾಳಿ ಕೊಳವೇಲಿ ಬಟ್ಟೆ ಇದೆ," ಅಂದೆ.

"ನೀನ್ಯಾವಾಗಿಂದ ಮೆಕ್ಯಾನಿಕ್ ಆದೆ? ಇಪ್ಪತ್ತು ನಿಮಿಷದ ದಾರಿ!" ನಕ್ಕು ಹೊರಟೇಬಿಟ್ಟ. ನಾನು ಬಾಗಿಲಲ್ಲೇ ನಿಂತಿದ್ದೆ, ಹಿಂದೆ ಓಡಲಿಲ್ಲ.

ಸುರಂಗದ ಏರಿನಲ್ಲಿ ಎಂಜಿನ್ ಆ ಬಟ್ಟೆಯನ್ನು ಎಳೆದುಕೊಂಡು ನಿಂತೇಹೋಯಿತು. ಮೂರು ಗಂಟೆ ಸುರಂಗ ಬಂದ್. ಆಚೆ ದಡದಲ್ಲಿ ಸಿಕ್ಕಿಕೊಂಡ ದಾದಿ ದ್ವೀಪಕ್ಕೆ ಬಂದು ಇನ್ಸುಲಿನ್ ಕೊಡಲು ತಡವಾಗಿ, ಮುದುಕರೊಬ್ಬರು ಆಸ್ಪತ್ರೆ ಸೇರಿದರು. ಬದುಕಿದರು, ಆದರೆ ಊರಿಗೆ ಒಬ್ಬ ತಪ್ಪಿತಸ್ಥ ಬೇಕಾಗಿದ್ದ.

ಮರುವಾರ ಮಂಡಳಿಯ ಸಭೆ. ಕಾಫಿ, ವಾಫಲ್, ಕಂದು ಚೀಸು, ಎಲ್ಲವೂ ಎಂದಿನಂತೆ. ಆರ್ನ್‌ಫಿನ್ ಎದ್ದು ನಿಂತ. "ಕೀಲಿ ಇತ್ತು, ತಗೊಂಡೆ. ನೀವೂ ತಗೋತಿದ್ರಿ. ಬಟ್ಟೆ ಇದೆ ಅಂತ ನಂಗೆ ಒಬ್ಬರೂ ಹೇಳಲಿಲ್ಲ." ಹೇಳುತ್ತ ನನ್ನನ್ನೇ ನೋಡಿದ.

"ನಾನು ತುರ್ಗುನ್‌ಗೆ ಹೇಳಿ ಹೋಗಿದ್ದೆ," ಎಂದ ಐಲಿಫ್. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

ಒಂದು ಮಾತು ಸಾಕಿತ್ತು. ಆದರೆ ಅದನ್ನಾಡಿದ್ದರೆ ಅಣ್ಣ ಸುಳ್ಳುಗಾರನಾಗುತ್ತಿದ್ದ, ಅಮ್ಮನ ಮನೆಯ ಊಟದ ಮೇಜಿನಲ್ಲಿ ನನಗೆ ಜಾಗವಿರುತ್ತಿರಲಿಲ್ಲ. ನಾನು ಇನ್ನೊಂದು ವಾಫಲ್ ಬಾಯಿಗಿಟ್ಟುಕೊಂಡೆ. ಥೂ ನನ್ನ ಬಾಳಿಗೆ. ಸಭ್ಯರ ಊರು ನಮ್ಮದು. ಯಾರೂ ಒತ್ತಿ ಕೇಳಲಿಲ್ಲ, ಮಾತು ದೋಣಿಮನೆಯ ಮಾಡಿನ ಕಡೆ ತಿರುಗಿತು.

ಮಾರನೆಯ ಬೆಳಿಗ್ಗೆ ಐಲಿಫ್ ಗ್ಯಾರೇಜಿನಲ್ಲಿ ನನ್ನ ಮುಂದೆ ಕೂತ. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ.

"ಊರಿನ ಮಾತು ಬಿಡು. ನಂಗಷ್ಟೇ ಹೇಳು. ಅವತ್ತು ನಿಂಗೆ ಹೇಳಿದ್ನಾ ನಾನು? ನೀನು ತಿರುಗಿ ಹೇಳಿದ್ದು ಕಿವೀಲಿ ಇದೆ. ಅದೂ ನಂದೇ ಕಲ್ಪನೇನಾ?"

"ನೆನಪಿಲ್ಲ, ಐಲಿಫ್."

ಅವನ ಮುಖ ಇಳಿದುಹೋಯಿತು. "ಅಪ್ಪಂಗೂ ಹೀಗೇ ಶುರುವಾಗಿದ್ದು," ಎಂದ.

ಆ ತಿಂಗಳೇ ಗ್ಯಾರೇಜು ಮುಚ್ಚಿದ. ತನ್ನ ತಲೆಯನ್ನೇ ನಂಬದವನು ಇನ್ನೊಬ್ಬರ ಬ್ರೇಕು ಬಿಚ್ಚಬಾರದು ಅಂದ. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರೂ ನಂಬಲಿಲ್ಲ. ಈಗ ಮೀನಿನ ಕಾರ್ಖಾನೆಯಲ್ಲಿ ಡಬ್ಬಿ ತೊಳೆಯುತ್ತಾನೆ. ಅಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನೂ ಇಲ್ಲವಂತೆ.

ಕಳೆದ ವಾರ ಅಂಗಡಿಯಲ್ಲಿ ಸಿಕ್ಕಿದ. ನನ್ನ ಕೈ ಹಿಡಿದುಕೊಂಡ.

"ಅವತ್ತು ಅಷ್ಟು ಜನರ ಮುಂದೆ ಸುಮ್ಮನೆ ನಿನ್ನ ಹೆಸರು ಎಳೆದೆ ತುರ್ಗುನ್. ತಪ್ಪಾಯ್ತು, ಕ್ಷಮಿಸು."

"ಪರವಾಗಿಲ್ಲ ಬಿಡು," ಅಂದೆ.