ವಾಚನಾಲಯದಲ್ಲಿ ಸ್ಪಿನ್ ಬಗ್ಗೆ ಮಾತಾಡಿದ್ದು
ಅರೆವಾಹಕಗಳ ತೆಳು ಪದರಗಳಲ್ಲಿ ಎಲೆಕ್ಟ್ರಾನುಗಳ ಸ್ಪಿನ್ ಹೇಗೆ ಕವಲೊಡೆಯುತ್ತದೆ ಎಂಬುದರ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದ ಕಾಲ. ನನಗೆ ಗಣಿತ ಕಲಿಸಿದ ಮಾಷ್ಟ್ರು ಪೆರ್ಲದ ಹತ್ತಿರದ ಒಂದು ವಾಚನಾಲಯಕ್ಕೆ ಅಧ್ಯಕ್ಷರಾಗಿದ್ದರು. ಭಾನುವಾರ ಸಂಜೆ ಬಂದು ಕನ್ನಡದಲ್ಲಿ ನನ್ನ ಕೆಲಸದ ಬಗ್ಗೆ ಹೇಳಬೇಕೆಂದು ಫೋನ್ ಮಾಡಿದರು. ನಾನು ಕೊಟ್ಟ ಶೀರ್ಷಿಕೆ ತುಂಬ ಉದ್ದವಾಯಿತೆಂದು ಅವರೇ ಕತ್ತರಿಸಿ, ‘ಸ್ಪಿನ್ನಿನ ಒಳಗುಟ್ಟು’ ಎಂದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು.

ನಾನು ಹೋದಾಗ ಕುರ್ಚಿ ಸಾಲದೆ ಪಕ್ಕದ ಅಂಗಡಿಯಿಂದ ಬೆಂಚು ತರಿಸುತ್ತಿದ್ದರು. ಊರಿನವರ ವಿಜ್ಞಾನಪ್ರೀತಿ ಕಂಡು ಉಬ್ಬಿಹೋದೆ. ಮುಂದಿನ ಸಾಲುಗಳಲ್ಲಿ ಕೂತಿದ್ದವರೆಲ್ಲ ಹಳದಿ ಜೆರ್ಸಿ ತೊಟ್ಟಿದ್ದರು. ಊರಿನ ಕ್ರಿಕೆಟ್ ಕ್ಲಬ್ಬಿನವರು. ಕ್ಯಾಪ್ಟನ್ ಕೈಯಲ್ಲಿ ಚೆಂಡಿತ್ತು.

ಬಂದವರನ್ನು ಕಳಿಸುವುದು ಹೇಗೆ? ಶುರುಮಾಡಿದೆ. ಸ್ಪಿನ್ನಿನಿಂದಾಗಿ ಎಲೆಕ್ಟ್ರಾನು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ, ಅದರಲ್ಲಿ ಎರಡು ಬಗೆ, ಸಾಮಾನ್ಯವಾಗಿ ಎರಡಕ್ಕೂ ಶಕ್ತಿ ಒಂದೇ ಎಂದೆ. ಬೇರೆ ಬೇರೆ ಅರೆವಾಹಕಗಳನ್ನು ಪದರ ಪದರವಾಗಿ ಕೂರಿಸಿ, ಮೇಲೂ ಕೆಳಗೂ ಒಂದೇ ತರ ಇರದಂತೆ ಮಾಡಿದರೆ ನಡುವೆ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಅಲ್ಲಿ ಓಡುವ ಎಲೆಕ್ಟ್ರಾನಿಗೆ ಆ ಕ್ಷೇತ್ರವೇ ಅಯಸ್ಕಾಂತದ ಹಾಗೆ ತಾಗುತ್ತದೆ, ಎರಡು ಬಗೆಯ ಶಕ್ತಿಯೂ ಬೇರೆಯಾಗುತ್ತದೆ ಎಂದು ವಿವರಿಸಿದೆ.

ಕ್ಯಾಪ್ಟನ್ ಎದ್ದು ನಿಂತ. “ಟೀಚರ್, ಅದು ಯಾವ ಕಡೆಗೆ ತಿರುಗ್ತದೆ?”

ಅದು ಚೆಂಡಿನ ಹಾಗೆ ನಿಜವಾಗಿ ತಿರುಗುವುದೇ ಇಲ್ಲ ಎಂದೆ.

“ತಿರುಗದಿದ್ರೆ ಸ್ಪಿನ್ ಅಂತ ಎಂತಕ್ಕೆ ಹೇಳುದು?”

ಮೊದಲು ಹಾಗೆ ಅಂದುಕೊಂಡಿದ್ದರು, ಹೆಸರು ಉಳಿದುಬಿಟ್ಟಿತು ಎಂದು ಇದ್ದದ್ದನ್ನು ಹೇಳಿದೆ. ಅವನು ಪಕ್ಕದವನ ಹೆಗಲು ತಟ್ಟಿದ. “ಹಾಗಾದ್ರೆ ನಿನ್ನದೂ ಅದೇ ಮಾರಾಯ. ಹೆಸರು ಮಾತ್ರ ಸ್ಪಿನ್ನರ್.”

ಇಡೀ ಸಭೆ ನಕ್ಕಿತು. ಜಿನಸಿನ ಅಂಗಡಿ ಇಟ್ಟಿದ್ದ ಆ ದಪ್ಪ ಮೀಸೆಯ ಸ್ಪಿನ್ನರ್ ಮಾತ್ರ ನಗಲಿಲ್ಲ. ಎಲೆಕ್ಟ್ರಾನಿಗೆ ಬಗೆಬಗೆಯ ಪದರ ಹಾಕಿಕೊಡುತ್ತಾರೆ, ತನಗೆ ಬೌಲಿಂಗ್ ಮಾಡಲು ಇರುವುದು ಸಪಾಟು ನೆಲದ ಮೇಲೆ ಹಾಸಿದ ಒಂದು ಮ್ಯಾಟ್, ಹಾಗಿದ್ದಮೇಲೆ ತನ್ನ ತಪ್ಪೇನು ಎಂದು ಕೇಳಿದ. ಅವನ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಪದರ ಮುಖ್ಯ ಹೌದು ಎಂದುಬಿಟ್ಟೆ.

ಮುಂದಿನ ಪಂದ್ಯಕ್ಕೆ ಅವರು ಮ್ಯಾಟಿನಡಿ ಒಂದು ಪಕ್ಕಕ್ಕೆ ಮಾತ್ರ ಮರಳು ಹರಡಿದರಂತೆ. ಚೆಂಡು ಕಂಡಾಪಟ್ಟೆ ತಿರುಗಿತಂತೆ. ಗೆದ್ದಿರಾ ಎಂದು ಫೋನಿನಲ್ಲಿ ಕೇಳಿದೆ.

“ಪದರ ಸರಿ ಇತ್ತು ಟೀಚರ್,” ಎಂದ ಕ್ಯಾಪ್ಟನ್. “ಆದ್ರೆ ಎದುರಿನವರ ಬೌಲರಿಗೂ ಅದೇ ಮ್ಯಾಟ್ ಅಲ್ವಾ.”