ಪ್ರೊಸೆಸರ್ ನಾನೇ ಆರಿಸಿದೆ

ನಮ್ಮ ಬ್ಯಾರಿ ಮುಸ್ಲಿಮರ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸು ಫೋಟೋಗ್ರಾಫರ್ ಬರುವುದು ಹಲವು ಮನೆಗಳಿಗೆ ಇಷ್ಟವಿಲ್ಲ. ಆ ಕೆಲಸವನ್ನು ನಾನು ಮಾಡುತ್ತೇನೆ. ತೊಕ್ಕೊಟ್ಟಿನಲ್ಲಿ ಉಮ್ಮನ, ಎಂದರೆ ಅಮ್ಮನ, ಜೊತೆ ಇದ್ದೇನೆ. ಮೊದಮೊದಲು ಶೂಟಿಂಗ್ ಮಾತ್ರ ನನ್ನದು, ಎಡಿಟಿಂಗ್ ಪೇಟೆಯ ಒಂದು ಸ್ಟುಡಿಯೋದಲ್ಲಿ ಆಗುತ್ತಿತ್ತು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಫೋಟೋ ತಿದ್ದಬಹುದಿತ್ತು. ವಿಡಿಯೋ ಹಾಕಿದರೆ ಚಿತ್ರ ನಿಂತು ನಿಂತು ಓಡುತ್ತಿತ್ತು.

ಒಂದು ಬೆಳಿಗ್ಗೆ ಮದುಮಗಳೊಬ್ಬಳ ತಾಯಿ ಮನೆಗೆ ಬಂದರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ. ಮೊಬೈಲನ್ನು ನನ್ನ ಮುಂದೆ ಹಿಡಿದರು. ಮದರಂಗಿಯ ದಿನ ಅವರ ಮಗಳು ತಲೆಗೆ ಬಟ್ಟೆ ಇಲ್ಲದೆ ಗೆಳತಿಯರ ನಡುವೆ ನಗುತ್ತಿದ್ದ ಒಂದು ತುಣುಕು. ಸ್ಟುಡಿಯೋದವರು ಅದನ್ನು ತಮ್ಮ ಜಾಹೀರಾತಿಗೆ ಹಾಕಿಕೊಂಡಿದ್ದರು.

"ನಾವು ನಿನ್ನನ್ನು ನಂಬಿ ಒಳಗೆ ಬಿಟ್ಟದ್ದು," ಎಂದರು ಅವರು. ಮೊಬೈಲನ್ನು ಚೀಲಕ್ಕೆ ಹಾಕಿ ಹೊರಟುಹೋದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಾನು ನೇರ ಸ್ಟುಡಿಯೋಗೆ ಹೋದೆ.

"ಚಂದ ಬಂದಿತ್ತು, ಹಾಕಿದೆವು. ತೆಗೆದ್ರೆ ಆಯ್ತಲ್ಲ ಮಾರಾಯ್ರೆ, ಅದಕ್ಕೆ ಎಂತ ಅಷ್ಟು ದೊಡ್ಡ ವಿಷಯ?" ಎಂದ ಯಜಮಾನ.

"ಈಗಲೇ ತೆಗೀರಿ. ನನ್ನ ಎದುರೇ."

ತೆಗೆಸಿದೆ. ಅವರ ಕಂಪ್ಯೂಟರಿನಲ್ಲಿದ್ದ ನಾನು ತೆಗೆದ ಎಲ್ಲ ಮದುವೆಗಳನ್ನೂ ಒಂದೊಂದಾಗಿ ಅಳಿಸುವವರೆಗೆ ಆ ಕುರ್ಚಿಯಿಂದ ಏಳಲಿಲ್ಲ. ಯಜಮಾನ ಎರಡು ಸಲ ಊಟಕ್ಕೆ ಹೊರಟ. ಎರಡು ಸಲವೂ ಮರಳಿ ಕೂರಿಸಿದೆ. ನಾನು ಕೊಟ್ಟಿದ್ದ ಹಾರ್ಡ್ ಡಿಸ್ಕ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಬರುವಾಗ ನಿಶ್ಚಯವಾಗಿತ್ತು, ಇನ್ನು ನಾನು ತೆಗೆದದ್ದು ನನ್ನ ಕೋಣೆಯಲ್ಲೇ ಎಡಿಟ್ ಆಗಬೇಕು.

ಅದಕ್ಕೆ ತಕ್ಕ ಲ್ಯಾಪ್‌ಟಾಪ್ ಬೇಕಿತ್ತು. ಗಲ್ಫ್‌ನಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣನಿಗೆ ಫೋನಿನಲ್ಲಿ ಹೇಳಿದೆ.

"ರಜೆಗೆ ಬರುವಾಗ ನಾನೇ ತರ್ತೇನೆ. ಏಳರ ಪ್ರೊಸೆಸರ್ ಉಂಟು, ಕಾಗದದ ಹಾಗೆ ತೆಳು. ನಿನಗೆ ಹಿಡ್ಕೊಂಡು ಹೋಗ್ಲಿಕ್ಕೆ ಸುಲಭ," ಎಂದ.

"ಪ್ರೊಸೆಸರಿನ ಹೆಸರಿನ ಕೊನೆಗೆ ಯಾವ ಅಕ್ಷರ ಉಂಟು?"

"ಅದೆಲ್ಲ ನಿನಗೆ ಎಂತಕ್ಕೆ? ನಾನು ದಿನಾ ಮಾರುವವ."

"ನೀನು ಮಾರುವವ. ಅದರಲ್ಲಿ ದುಡಿಯುವವಳು ನಾನು."

ಅವನಿಗೆ ಕೋಪ ಬಂತು. ಉಮ್ಮನಿಗೂ ಹಿಡಿಸಲಿಲ್ಲ. ಆದರೆ ಆ ಅಕ್ಷರದ ಬಗ್ಗೆ ನಾನು ಓದಿಕೊಂಡಿದ್ದೆ. ಪ್ರೊಸೆಸರಿನ ಹೆಸರಿನಲ್ಲಿ ಬರುವ ಐದು, ಏಳು ಎಂಬ ಅಂಕಿಗಳು ದರ್ಜೆಯನ್ನು ಮಾತ್ರ ಹೇಳುತ್ತವೆ. ಪ್ರೊಸೆಸರ್ ಎಷ್ಟು ಕರೆಂಟು ಎಳೆದುಕೊಂಡು ಎಷ್ಟು ಹೊತ್ತು ದುಡಿಯಬಲ್ಲದು ಎಂಬುದರ ಸುಳಿವು ಕೊನೆಯ ಅಕ್ಷರದಲ್ಲಿರುತ್ತದೆ. ಬ್ಯಾಟರಿ ಉಳಿಸುವ ತೆಳು ಯಂತ್ರಗಳಿಗೆ ಒಂದು ಅಕ್ಷರ, ಫ್ಯಾನು ಇಟ್ಟುಕೊಂಡು ದಪ್ಪಗಿರುವವಕ್ಕೆ ಇನ್ನೊಂದು. ಫೋಟೋ ತಿದ್ದುವ ಕೆಲಸ ಬಿಟ್ಟು ಬಿಟ್ಟು ಬರುತ್ತದೆ, ನಡುವೆ ಯಂತ್ರಕ್ಕೆ ಉಸಿರಾಡಲು ಬಿಡುವುಂಟು. ವಿಡಿಯೋ ಮುಗಿಸಿ ಫೈಲ್ ಮಾಡಲು ಕೊಟ್ಟರೆ ಬಿಡುವಿಲ್ಲ. ನನ್ನ ಕ್ಯಾಮೆರಾದ ಫೈಲುಗಳನ್ನು ಬಿಡಿಸಿ ಓದುವ ಭಾಗವೂ ಪ್ರೊಸೆಸರಿನ ಒಳಗೇ ಇರಬೇಕಿತ್ತು, ಇಲ್ಲದಿದ್ದರೆ ಹಳೆಯದರ ಕಥೆಯೇ ಮತ್ತೆ. ಇದನ್ನೆಲ್ಲ ಅಣ್ಣನಿಗೆ ಹೇಳಹೊರಟೆ. ಅವನು ಫೋನ್ ಇಟ್ಟ.

ಪರೀಕ್ಷೆ ಮಾಡದೆ ಕೊಳ್ಳುವುದಿಲ್ಲವೆಂದು ಹಟ ಹಿಡಿದೆ. ಮದುವೆಯ ವಿಡಿಯೋವನ್ನು ಅಂಗಡಿಗೆ ಒಯ್ಯುವಂತಿರಲಿಲ್ಲ. ಅದಕ್ಕೆ ಉಮ್ಮ ಅಕ್ಕಿರೊಟ್ಟಿ ಮಾಡುವುದನ್ನು ಮದುವೆಗೆ ಬಳಸುವ ಸೆಟ್ಟಿಂಗಿನಲ್ಲೇ ಶೂಟ್ ಮಾಡಿದೆ.

"ಕೈ ಮಾತ್ರ ತೆಗಿ. ಮುಖ ಬೇಡ," ಎಂದರು ಉಮ್ಮ. ಅಣ್ಣನ ಪಕ್ಷದಲ್ಲಿದ್ದುಕೊಂಡೇ ನಲವತ್ತು ರೊಟ್ಟಿ ತಟ್ಟಿದರು.

ಪೇಟೆಯ ಹಂಪನಕಟ್ಟೆಯಲ್ಲಿದ್ದ ಒಂದು ಲ್ಯಾಪ್‌ಟಾಪ್ ಅಂಗಡಿಗೆ ಒಬ್ಬಳೇ ಹೋದೆ. ಕೌಂಟರಿನಲ್ಲಿದ್ದ ನಡುವಯಸ್ಸಿನ ಸೇಲ್ಸ್‌ಮನ್ ನನ್ನ ಹಿಂದೆ ಬಾಗಿಲ ಕಡೆ ನೋಡಿದರು.

"ಸಾರ್ ಯಾರಾದ್ರೂ ಬರ್ಲಿಕ್ಕುಂಟಾ ಮೇಡಂ?"

"ಇಲ್ಲ. ನೋಡುದು ನಾನು, ತೆಗೊಳ್ಳುದೂ ನಾನೇ."

ಅಣ್ಣ ಹೇಳಿದ್ದ ತೆಳು ಲ್ಯಾಪ್‌ಟಾಪನ್ನೂ, ಐದರ ಪ್ರೊಸೆಸರಿದ್ದ ದಪ್ಪದೊಂದನ್ನೂ ಪಕ್ಕಪಕ್ಕ ಇಡಿಸಿದೆ. ಎಡಿಟಿಂಗ್ ಸಾಫ್ಟ್‌ವೇರ್ ಹಾಕಿ ನೋಡಬೇಕು ಎಂದಾಗ ಅವರು ತಲೆಯಾಡಿಸಿದರು.

"ಡೆಮೋ ಪೀಸಿಗೆ ಹಾಗೆಲ್ಲ ಹಾಕ್ಲಿಕ್ಕೆ ಆಗುದಿಲ್ಲ ಮೇಡಂ."

"ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸ್ತಾರಲ್ಲ? ಇದು ಅದಕ್ಕಿಂತ ಎಷ್ಟೋ ದುಬಾರಿ. ಬಿಡಿಸದಿದ್ರೆ ನನಗೆ ಬೇಡ."

ನಾನು ಅಲ್ಲೇ ನಿಂತೆ. ಬೇರೆ ಗಿರಾಕಿಗಳು ಬಂದು ಹೋದರು. ಕೊನೆಗೆ ಅವರು ಒಳಗೆ ಯಾರನ್ನೋ ಕೇಳಿ ಬಂದು, "ಹಾಕಿ, ಆದ್ರೆ ಮತ್ತೆ ತೆಗೀಬೇಕು," ಎಂದರು.

ಎರಡರಲ್ಲೂ ಉಮ್ಮನ ರೊಟ್ಟಿಯ ವಿಡಿಯೋವನ್ನೇ ಹಾಕಿ, ಒಟ್ಟಿಗೇ ಫೈಲ್ ಮಾಡಲು ಕೊಟ್ಟೆ. ಮೊದಲ ಐದು ನಿಮಿಷ ತೆಳುವಾದದ್ದೇ ಮುಂದು.

"ನೋಡಿ, ಏಳೇ ಫಾಸ್ಟ್. ಐದಕ್ಕಿಂತ ಏಳು ಮೇಲಲ್ವಾ?" ಎಂದು ಅವರು ನಿಲ್ಲಿಸಲು ಕೈ ಚಾಚಿದರು.

"ನಿಲ್ಲಿಸಬೇಡಿ. ಮದುವೆ ಐದು ನಿಮಿಷಕ್ಕೆ ಮುಗಿಯುದಿಲ್ಲ."

ಓದಿದ್ದು ಸುಳ್ಳಾದರೆ ಅಣ್ಣನ ಮುಂದೆ ತಲೆಯೆತ್ತುವಂತಿರಲಿಲ್ಲ. ಹತ್ತು ನಿಮಿಷವಾಗುವಾಗ ತೆಳುವಾದದ್ದು ಬಿಸಿಯಾಯಿತು, ಎಷ್ಟು ಮುಗಿಯಿತೆಂದು ತೋರಿಸುವ ಅಂಕಿ ತೆವಳತೊಡಗಿತು. ದಪ್ಪದ್ದರ ಫ್ಯಾನು ಹೋ ಎಂದು ಕೂಗುತ್ತಿತ್ತು. ಅಂಗಡಿಯಲ್ಲಿದ್ದವರು ತಿರುಗಿ ನೋಡಿದರು. ಅದು ಮಾತ್ರ ಅದೇ ನಡಿಗೆಯಲ್ಲಿ ಹೋಗಿ ಮುಗಿಸಿತು. ಆಗ ತೆಳುವಾದದ್ದು ಅರ್ಧ ದಾರಿಯನ್ನು ಸ್ವಲ್ಪ ದಾಟಿತ್ತು, ಅಷ್ಟೇ. ಸೇಲ್ಸ್‌ಮನ್ ಅದರ ಅಡಿಗೆ ಕೈಯಿಟ್ಟು ಸರಕ್ಕನೆ ತೆಗೆದರು.

"ಇಷ್ಟು ಹೊತ್ತು ಓಡಿಸಿ ನಾವು ಯಾರೂ ನೋಡಿದ್ದಿಲ್ಲ ಮೇಡಂ," ಎಂದರು. ಆ ಮಾತಿಗಾಗಿ ಅವರ ಮೇಲೆ ನನಗೆ ಗೌರವ ಬಂತು.

ದಪ್ಪದ್ದನ್ನೇ ತಂದೆ. ಅಣ್ಣ ವಿಡಿಯೋ ಕಾಲಿನಲ್ಲಿ ನೋಡಿ, "ಮಸಾಲೆ ಕಡೆಯುವ ಕಲ್ಲಿನ ಹಾಗೆ ಉಂಟಲ್ಲ," ಎಂದ.

"ಕಡೀಲಿಕ್ಕೆ ಅದೇ ಬೇಕು."

ಅವನು ನಗಲಿಲ್ಲ, ಜಗಳವನ್ನೂ ಮಾಡಲಿಲ್ಲ. ಲ್ಯಾಪ್‌ಟಾಪ್ ಭಾರ ನಿಜ. ಚಾರ್ಜರೇ ಒಂದು ಇಟ್ಟಿಗೆಯಷ್ಟಿದೆ, ಪ್ಲಗ್ ತೆಗೆದರೆ ಬ್ಯಾಟರಿ ಬೇಗ ಬತ್ತುತ್ತದೆ, ಫ್ಯಾನಿನ ಸದ್ದಿಗೆ ಉಮ್ಮ ಬಾಗಿಲು ಎಳೆದುಕೊಳ್ಳುತ್ತಾರೆ. ಇರಲಿ. ಮದುವೆಯ ಶೂಟಿಂಗ್ ಮಾತಾಡಲು ಬಂದವರಿಗೆ ನಾನು ಆ ಕೋಣೆಯನ್ನೇ ತೋರಿಸುತ್ತೇನೆ. ನಿಮ್ಮ ಹೆಣ್ಣುಮಕ್ಕಳ ಚಿತ್ರ ಇಲ್ಲಿಗೆ ಬರುತ್ತದೆ, ಇಲ್ಲಿಂದ ನಿಮ್ಮ ಕೈಗೆ ಹೋಗುತ್ತದೆ, ನಡುವೆ ಯಾರೂ ಇಲ್ಲ ಎನ್ನುತ್ತೇನೆ. ಸ್ಟುಡಿಯೋದ ಯಜಮಾನ ಒಮ್ಮೆ ಫೋನ್ ಮಾಡಿ, ಎಡಿಟಿಂಗ್ ಅರ್ಧ ರೇಟಿಗೆ ಮಾಡಿಕೊಡುತ್ತೇವೆ ಎಂದ. ಪುಕ್ಕಟೆ ಮಾಡಿದರೂ ಬೇಡ ಎಂದೆ.

ಕಳೆದ ವರ್ಷ ಕದ್ರಿ ಪಾರ್ಕಿನಲ್ಲಿ ಫೋಟೋ ತೆಗೆಯುತ್ತಿದ್ದ ಬೆಂಗ್ರೆಯ ಒಬ್ಬ ಹುಡುಗಿಯ ಪರಿಚಯವಾಯಿತು. ಮೀನುಗಾರರ ಮನೆಯವಳು, ಪೇಟೆಗೆ ದೋಣಿಯಲ್ಲಿ ಹೊಳೆ ದಾಟಿ ಬರುತ್ತಾಳೆ, ಹೋಟೆಲುಗಳ ಮೆನುವಿಗೆ ಮೀನಿನ ಅಡುಗೆಯ ಫೋಟೋ ತೆಗೆಯುತ್ತಾಳೆ. ವಿಡಿಯೋ ಮಾಡುವುದಿಲ್ಲ. ಅವಳಿಗೂ ಒಂದು ಲ್ಯಾಪ್‌ಟಾಪ್ ಬೇಕಿತ್ತು. ಅವಳ ಅಣ್ಣಂದಿರದು ಬೇರೆ ಹಟ: ತೆಗೆದುಕೊಳ್ಳುವುದಾದರೆ ಅಂಗಡಿಯ ಅತಿ ದೊಡ್ಡ ಲ್ಯಾಪ್‌ಟಾಪೇ ಆಗಬೇಕು. ಅವಳನ್ನು ಕರೆದುಕೊಂಡು ಅದೇ ಅಂಗಡಿಗೆ ಹೋದೆ. ಸೇಲ್ಸ್‌ಮನ್ ನನ್ನನ್ನು ಗುರುತಿಸಿ ಎದ್ದು ನಿಂತರು. ನಾನು ಉತ್ಸಾಹದಿಂದ ಶುರುಮಾಡಿದೆ. "ನೋಡಿ, ಇವಳದ್ದು ಬರೀ ಫೋಟೋ. ದೊಡ್ಡ ಪ್ರೊಸೆಸರ್ ದಂಡ. ಸ್ಕ್ರೀನು ಒಳ್ಳೆದಿರುವ…"

ಅವಳು ನನ್ನ ಮೊಣಕೈ ಮುಟ್ಟಿದಳು.

"ಅಕ್ಕ, ನನ್ನದು ನಾನೇ ಹೇಳ್ತೇನೆ."

ಒಂದು ಕ್ಷಣ ಮುಖ ಬಿಸಿಯಾಯಿತು. ಆಮೇಲೆ ಪಕ್ಕಕ್ಕೆ ಸರಿದು ಕುರ್ಚಿಯಲ್ಲಿ ಕುಳಿತೆ. ಅವಳು ತನ್ನ ಮುನ್ನೂರು ಫೋಟೋಗಳನ್ನು ಹಾಕಿಸಿ, ಬಂಗುಡೆ ಮೀನಿನ ಬೆನ್ನಿನ ಬಣ್ಣ ಸರಿಯಾಗಿ ಕಾಣುವವರೆಗೆ ಮೂರು ಸ್ಕ್ರೀನುಗಳನ್ನು ತಿರಸ್ಕರಿಸಿದಳು. ಕೊನೆಗೆ ಆರಿಸಿದ್ದು ಹಗುರವಾದದ್ದೊಂದು. ದೋಣಿಯಲ್ಲಿ ನೀರು ಹಾರುತ್ತದೆ, ಇದಕ್ಕೆ ಸುತ್ತಲು ದಪ್ಪ ಪ್ಲಾಸ್ಟಿಕ್ ಕೊಡಿ ಎಂದಳು. ಇಲ್ಲವೆಂದರು. ಮತ್ತೆ ಕೇಳಿದಳು. ಕೊಡುವವರೆಗೂ ಕೌಂಟರ್ ಬಿಡಲಿಲ್ಲ.