ಐದು ಮರಿಗಳ ಮೇಲೆ ಗೆರೆ ಎಳೆದ ಕೈ

ಕಲ್ಯಾಣ ಕರ್ನಾಟಕದಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರ ಯಾದಿ ಉದ್ದವಾಗಿದೆ. ದೊಡ್ಡ ಹುದ್ದೆ ಏರಿದವರು, ದಪ್ಪ ಗ್ರಂಥ ಬರೆದವರು, ಇವೆರಡನ್ನೂ ಮಾಡದೆ ಬರೀ ಸನ್ಮಾನ ಮಾಡಿಸಿಕೊಂಡವರು, ಎಲ್ಲರೂ ಅದರಲ್ಲಿದ್ದಾರೆ. ಆದರೆ ತಳಿವಿಜ್ಞಾನವನ್ನು ಹಲಗೆಯ ಮೇಲಿನಿಂದ ಇಳಿಸಿ ಘಾಟಬೋರಾಳದ ಕುರಿಹಟ್ಟಿಗೆ ಕರೆದೊಯ್ದವರು, ಅಲ್ಲಿಂದ ಅದನ್ನು ಅಂತರರಾಷ್ಟ್ರೀಯ ಸಮ್ಮೇಳನದವರೆಗೆ ಒಯ್ದವರು, ಅಲ್ಲಿ ನೂರಾರು ವಿದ್ವಾಂಸರೆದುರು ತಮ್ಮ ಪ್ರಬಂಧವನ್ನು ತಾವೇ ತಿದ್ದಿದವರು ಯಾರೆಂದು ಕೇಳಿದರೆ ನಮ್ಮಲ್ಲಿ ಒಂದೇ ಹೆಸರು ಬರುತ್ತದೆ. ಈ ತಿಂಗಳ ಕೊನೆಯ ದಿನ ಮೂವತ್ತೆರಡು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಪ್ರೊಫೆಸರ್ ಉಜ್ವಲಾ ವೈಜಿನಾಥ ಅವರದು ಆ ಹೆಸರು.

ಬಸವಕಲ್ಯಾಣದ ಮನೆಯಿಂದ ಹುಮನಾಬಾದಿನ ಕಾಲೇಜಿಗೆ ಮೂವತ್ತೆರಡು ವರ್ಷ ಅದೇ ಬೆಳಗಿನ ಬಸ್ಸು. ಕಂಡಕ್ಟರುಗಳು ಬದಲಾದರು, ಟಿಕೀಟಿನ ದರ ಏರಿತು, ಮೇಡಂ ಕೂಡುವ ಕಿಟಕಿ ಬದಲಾಗಲಿಲ್ಲ. ಅವರು ಸೇರಿದಾಗ ಪ್ರಯೋಗಾಲಯದಲ್ಲಿ ಸರಿಯಾಗಿ ಕಾಣುವ ಸೂಕ್ಷ್ಮದರ್ಶಕ ಇದ್ದದ್ದು ಒಂದೇ ಒಂದು. ಈರುಳ್ಳಿಯ ಬೇರಿನ ತುದಿಯನ್ನು ಬಣ್ಣದಲ್ಲಿ ಅದ್ದಿ, ಗಾಜಿನ ಮೇಲೆ ಒತ್ತಿ, ಜೀವಕೋಶ ಒಡೆದು ಎರಡಾಗುವುದನ್ನು ಅರವತ್ತು ಮಕ್ಕಳಿಗೆ ಅದೊಂದರಲ್ಲೇ ತೋರಿಸಬೇಕಾಗಿತ್ತು. ಬೇರೆಯವರು ಹಾಜರಿ ಪುಸ್ತಕದ ನಂಬರಿನಂತೆ ಸಾಲು ಮಾಡಿದರೆ ಇವರು ಬಸ್ಸಿನ ವೇಳೆಯಂತೆ ಮಾಡಿದರು. ಕೊಹಿನೂರದ ಬಸ್ಸು ಮೊದಲು ಹೊರಡುವುದರಿಂದ ಕೊಹಿನೂರದವರು ಮೊದಲು, ಮನ್ನಾಏಖೇಳ್ಳಿಯವರು ಆಮೇಲೆ, ಊರಲ್ಲೇ ಇರುವವರು ಎಲ್ಲರಿಗಿಂತ ಕಡೆಗೆ. ಬಸ್ಸು ತಪ್ಪುತ್ತದೆಂಬ ಭಯಕ್ಕೆ ಪ್ರಯೋಗ ಬಿಟ್ಟು ಓಡಿದ ಹೆಣ್ಣುಮಗಳು ಅವರ ಕಾಲದಲ್ಲಿ ಒಬ್ಬಳೂ ಇಲ್ಲ.

ಹಟದಲ್ಲಿ ಮಾತ್ರ ಅವರನ್ನು ಮೀರಿಸಿದವರಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಸ್ಟಾಫ್ ರೂಮಿನಲ್ಲಿ ನಾವು, ‘ಮೇಡಂ ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂದು ಬೆನ್ನ ಹಿಂದೆ ನಗುತ್ತಿದ್ದೆವು. ಬೆನ್ನ ಹಿಂದೆ ಎಂದು ನಾವು ತಿಳಿದಿದ್ದೆವು, ಅವರಿಗೆಲ್ಲಾ ಕೇಳಿಸುತ್ತಿತ್ತು.

ಹತ್ತು ವರ್ಷದ ಹಿಂದೆ ತರಗತಿಯಲ್ಲಿ ತಂದೆತಾಯಿಯ ಗುಣ ಮಕ್ಕಳಿಗೆ ಇಳಿಯುವ ಲೆಕ್ಕ ಬಿಡಿಸುತ್ತಿದ್ದಾಗ, ಧನಶ್ರೀ ಎಂಬ ವಿದ್ಯಾರ್ಥಿನಿ ಎದ್ದು ನಿಂತು, “ಇದು ನಮ್ಮ ಆಯಿಗ ಗೊತ್ತದರಿ ಮೇಡಂ” ಎಂದಳು. ತರಗತಿಯೆಲ್ಲ ಗೊಳ್ಳೆಂದಿತು. ಮೇಡಂ ನಗಲಿಲ್ಲ. ಮುಂದಿನ ಭಾನುವಾರ ಘಾಟಬೋರಾಳಕ್ಕೆ ಹೋಗಿ ಆಯಿಯ ಎದುರು ಕಂಬಳಿಯ ಮೇಲೆ ಕುಳಿತರು.

ಆ ಆಯಿಯೇ ಧೂಳಮ್ಮ, ಧನಶ್ರೀಯ ಅಜ್ಜಿ. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬದುಕಿದವರು, ಓದು ಬರಹ ಇಲ್ಲದವರು. ಅವರ ಹಿಂಡಿನಲ್ಲಿ ಕೆಲವು ಕುರಿಗಳಿಗೆ ಹುಟ್ಟಾ ಮೋಟ ಕಿವಿ. ಧೂಳಮ್ಮನವರ ಲೆಕ್ಕ ಸರಳವಾಗಿತ್ತು: “ಎರಡೂ ಉದ್ದ ಕಿವಿಯವು ಇದ್ರ ಮರಿಗೂ ಉದ್ದ ಕಿವಿ, ಒಂದು ಮೋಟ ಇದ್ರ ಅರ್ಧ ಮರಿಗ ಮೋಟ. ಮೋಟ ಕಿವಿ ಕುರಿಗ ಮೋಟ ಕಿವಿ ಟಗರ ಬಿಟ್ರ, ನಾಕರಾಗ ಒಂದಕ್ಕ ಕಿವಿನೇ ಇರಂಗಿಲ್ಲ. ಅದಕ್ಕ ನಾವು ಬಿಡಂಗಿಲ್ಲರಿ.” ಪುಸ್ತಕದಲ್ಲಿ ಒಂದು ಅಧ್ಯಾಯವೇ ಆಗಿರುವ ಮಾತನ್ನು ಆಯಿ ಎಲೆಅಡಿಕೆ ಮೆಲ್ಲುತ್ತ ಮೂರು ವಾಕ್ಯದಲ್ಲಿ ಮುಗಿಸಿದರು.

ಅಂದಿನಿಂದ ಎರಡು ವರ್ಷ ಭಾನುವಾರಗಳೆಲ್ಲ ಘಾಟಬೋರಾಳಕ್ಕೆ ಸಂದವು. ಒಂದೊಂದೇ ಕುರಿಯನ್ನು ತೋರಿಸಿ ಇದರ ತಾಯಿ ಯಾರು, ತಂದೆ ಯಾರು ಎಂದು ಮೇಡಂ ಕೇಳುವುದು, ಧೂಳಮ್ಮ ನೆನಪಿನಿಂದಲೇ ಹೇಳುವುದು, ಧನಶ್ರೀ ಬರೆಯುವುದು. ಇನ್ನೂರ ಹನ್ನೆರಡು ಮರಿಗಳ ವಂಶಾವಳಿ ಸಿದ್ಧವಾಯಿತು. ಅದರಲ್ಲಿ ಇನ್ನೂರ ಏಳು ನಿಯಮದಂತೆ ಕೂತವು. ಐದು ಮಾತ್ರ ಕೂಡಲಿಲ್ಲ. ಆ ಐದಕ್ಕೆ ಮೋಟ ಕಿವಿ, ಆದರೆ ತಾಯಿಯದೂ ತಂದೆಯದೂ ಉದ್ದ ಕಿವಿ!

“ಮುದುಕಿ ಮರೆತಿರಬೇಕು ಬಿಡ್ರಿ” ಎಂದರು ಕಂಡವರೆಲ್ಲ. ಮೇಡಂ ಮೂರು ತಿಂಗಳು ಬಿಟ್ಟು ಅದೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳಿದರು. ಧೂಳಮ್ಮನವರ ಉತ್ತರ ಒಂದಕ್ಷರ ಬದಲಾಗಲಿಲ್ಲ. ಆಯಿಯ ನೆನಪು ಸುಳ್ಳಲ್ಲವಾದರೆ ಕುರಿಯಲ್ಲೇ ಏನೋ ಹೊಸದಿದೆ ಎಂದು ನಿರ್ಧರಿಸಿ, ಅದನ್ನೇ ಮೇಡಂ ಪ್ರಬಂಧ ಮಾಡಿದರು. ಹೈದರಾಬಾದಿನಲ್ಲಿ ನಡೆಯಲಿದ್ದ ಜೀವಕೋಶಶಾಸ್ತ್ರ ಮತ್ತು ತಳಿವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನ ಅದನ್ನು ಒಪ್ಪಿಕೊಂಡಿತು. ಮೊದಲ ಬಹುಮಾನ ಪಡೆದವರ ಕಾಲೇಜಿಗೆ ಹೊಸ ಸೂಕ್ಷ್ಮದರ್ಶಕ ಎಂದು ಪತ್ರದಲ್ಲಿತ್ತು. ಇಪ್ಪತ್ತನಾಲ್ಕು ವರ್ಷ ಒಂದೇ ಮಸೂರದ ಮುಂದೆ ಮಕ್ಕಳನ್ನು ಸಾಲು ನಿಲ್ಲಿಸಿದವರಿಗೆ ಆ ಒಂದು ಸಾಲು ಎಷ್ಟು ಸಿಹಿಯಾಗಿತ್ತೆಂಬುದನ್ನು ನಾವು ಬಲ್ಲೆವು. ಪತ್ರವನ್ನು ನಾಲ್ಕು ಸಲ ನಮಗೆ ಓದಿ ಹೇಳಿದ್ದರು.

ಪ್ರಬಂಧವನ್ನು ಅಲ್ಲಿ ಪೋಸ್ಟರಾಗಿ ತೂಗಬೇಕಿತ್ತು. ಅದನ್ನು ಅಚ್ಚು ಹಾಕಿದ್ದು ಹುಮನಾಬಾದಿನ ಬ್ಯಾನರ್ ಅಂಗಡಿಯ ಏಜಾಜ್. ಹುಟ್ಟುಹಬ್ಬ, ಚುನಾವಣೆಗಳ ಬ್ಯಾನರಿನಲ್ಲಿ ಪಳಗಿದ ಕೈ. ವಂಶಾವಳಿಯ ಸುತ್ತ ಚೆಂಡುಹೂವಿನ ಹಾರ ಬಿಟ್ಟು, ಮೂಲೆಯಲ್ಲಿ ಕೈಮುಗಿದ ಧೂಳಮ್ಮನವರ ಫೋಟೋವನ್ನು ದುಂಡಗೆ ಕೂಡಿಸಿ, ಕೆಳಗೆ ‘ಶುಭ ಕೋರುವವರು’ ಎಂದು ಜಾಗ ಖಾಲಿ ಇಟ್ಟಿದ್ದರು. ಹೂವನ್ನೂ ಶುಭ ಕೋರುವವರನ್ನೂ ಮೇಡಂ ತೆಗೆಸಿದರು. ಧೂಳಮ್ಮನವರ ಫೋಟೋ ಮಾತ್ರ ಇರಲಿ ಎಂದರು. ಲೆಕ್ಕ ಅವರದು, ಮುಖವೂ ಅವರದಿರಲಿ ಎಂಬುದು ಅವರ ವಾದ. ಅಷ್ಟೇ ಅಲ್ಲ, ಧೂಳಮ್ಮನವರನ್ನೂ ಧನಶ್ರೀಯನ್ನೂ ಜೊತೆಗೆ ಕರೆದುಕೊಂಡು ಹೈದರಾಬಾದಿನ ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ, ಒಳಗೆ ಥಂಡಿ ಗಾಳಿ ಬಿಡುವ ಆ ದೊಡ್ಡ ಸಭಾಂಗಣದಲ್ಲಿ ಪೋಸ್ಟರು ತೂಗಿತು. ನಿರ್ಣಾಯಕರು ಬರಲು ಇನ್ನೂ ಒಂದು ತಾಸಿತ್ತು. ಇಂಗ್ಲಿಷಿನಲ್ಲಿ ಹೇಳಬೇಕಾದದ್ದನ್ನು ಮೇಡಂ ಮೊದಲು ಧೂಳಮ್ಮನವರಿಗೆ ಕನ್ನಡದಲ್ಲಿ ಹೇಳತೊಡಗಿದರು: ಇದು ಚುಕ್ಕಿ ಎಂಬ ಕುರಿ, ಇದರ ಹೊಟ್ಟೆಯೊಳಗೆ, ಇದರದೇ ಜೀವಕೋಶದಿಂದ ಈ ಮರಿ ಬೆಳೆದು ಬಂತು.

ಧೂಳಮ್ಮನವರ ಮುಖ ಸಣ್ಣದಾಯಿತು. ಸೆರಗು ತಿರುವುತ್ತ, “ಇಲ್ಲಿಂದ ನಮ್ಮ ಹಟ್ಟಿ ಎಷ್ಟ ದೂರ ಆಗ್ತದರಿ ಬಾಯಾರ?” ಎಂದು ಕೇಳಿದರು. ನೂರೈವತ್ತು ಕಿಲೋಮೀಟರಿನ ಮೇಲಾಗುತ್ತದೆ ಎಂದರು ಮೇಡಂ.

“ಹಂಗಾದ್ರ ಚುಕ್ಕಿಗ ಕೇಳಸಂಗಿಲ್ಲ. ಹೇಳ್ತೀನಿ. ಈ ಮರಿ ಚುಕ್ಕಿ ಹೆತ್ತಿದ್ದಲ್ಲರಿ. ಇದನ್ನ ಹೆತ್ತಾಕಿ ಆವತ್ತೇ ಸತ್ತಳು. ಚುಕ್ಕಿ ಮರಿನೂ ಸತ್ತಿತ್ತು. ಸತ್ತ ಮರಿ ಚರ್ಮ ಇದಕ್ಕ ಹೊಚ್ಚಿ ಬಿಟ್ಟೆ. ತನ್ನದೇ ವಾಸನಿ ಅಂತ ಚುಕ್ಕಿ ಒಪ್ಪಕೊಂಡಳು, ಹಾಲ ಕೊಟ್ಟಳು. ಒಪ್ಪಿದ ಮ್ಯಾಲ ಅದು ಆಕಿದಲ್ಲ ಅಂತ ಹಟ್ಟ್ಯಾಗ ಬಾಯಿ ಬಿಡಬಾರದು. ಹಾಲು ಇಂಗಿಹೋಗ್ತದ. ನಮ್ಮ ಅತ್ತಿ ಕಾಲದಿಂದ ಹಂಗೇ.”

ಉಳಿದ ನಾಲ್ಕು ಎಂದು ಮೇಡಂ ಕೇಳಿದರು. ಅವೂ ಹಾಗೆಯೇ. ಹೆತ್ತವರ ಹೆಸರನ್ನು ಧೂಳಮ್ಮ ಒಂದೊಂದಾಗಿ ಹೇಳಿದರು. ಹೆತ್ತ ಐದೂ ಕುರಿಗಳಿಗೆ ಮೋಟ ಕಿವಿ. ಐದಕ್ಕೆ ಐದೂ ನಿಯಮದಂತೆ ಕೂತುಬಿಟ್ಟವು. ಆಯಿಯ ನೆನಪೂ ಸರಿ, ಹಳೆಯ ನಿಯಮವೂ ಸರಿ. ತಪ್ಪು ಎರಡು ವರ್ಷದಲ್ಲಿ ಒಮ್ಮೆಯೂ ‘ಹೆತ್ತಾಕಿ ಯಾರು’ ಎಂದು ಬಿಡಿಸಿ ಕೇಳದ ಉಜ್ವಲಾ ಅವರದು. ಹೊಸ ಶೋಧವೆಂದು ಗೋಡೆಗೆ ತೂಗಿದ್ದರಲ್ಲಿ ಹೊಸದೇನೂ ಉಳಿಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಧನಶ್ರೀಯ ಕಣ್ಣು ತುಂಬಿತು. “ಮೇಡಂ, ಇಲ್ಲಿ ಯಾರಿಗ ಗೊತ್ತಾಗ್ತದರಿ? ಆಯಿ ಹೇಳಿಲ್ಲ ಅಂತ ತಿಳಕೊಳ್ರಿ. ಸೂಕ್ಷ್ಮದರ್ಶಕ ಬರ್ತದ.”

ಈರುಳ್ಳಿ ಬೇರು ಹಿಡಿದು ಕಾಯುವ ಆ ಅರವತ್ತು ಮಕ್ಕಳ ಸಾಲು ಕಣ್ಣ ಮುಂದೆ ಬಂದಿತ್ತೆಂದು ಆಮೇಲೆ ಮೇಡಂ ಅವರೇ ಹೇಳಿದ್ದಾರೆ. ಕೆಟ್ಟ ಆಸೆ ಆಯಿತೇ ಎಂದು ನಾವು ಕೇಳಿದಾಗ, “ಆತು, ಯಾಕ ಸುಳ್ಳ ಹೇಳಲಿ” ಎಂದರು. ಆದರೆ ಆ ಹೊತ್ತಿನಲ್ಲಿ ಧನಶ್ರೀಗೆ ಹೇಳಿದ್ದು ಇಷ್ಟೇ: “ನಮಗ ಗೊತ್ತಾತಲ್ಲ ಧನಶ್ರೀ. ಹೋಗು, ದಪ್ಪ ಕಪ್ಪು ಪೆನ್ ಸಿಕ್ರ ತಗೊಂಡು ಬಾ.”

ಏಜಾಜ್ ಅವರ ಹೊಳಪಿನ ಬ್ಯಾನರಿನ ಮೇಲೆ ಐದು ಮರಿಗಳಿಂದ ತಾಯಿಗೆ ಹೋಗುವ ಐದು ಗೆರೆಗಳನ್ನು ಮೇಡಂ ಅಡ್ಡ ಹೊಡೆದರು. ಹೆತ್ತವರ ಹೆಸರು ಬರೆದರು. ಮೇಲಿನ ಶೀರ್ಷಿಕೆಯನ್ನೂ ಹೊಡೆದುಹಾಕಿ, ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಕೆಳಗೆ ಬರೆದು ಸಹಿ ಮಾಡಿದರು. ತಮ್ಮ ಮೊಲಕ್ಕೆ ನಾಲ್ಕು ಕಾಲೆಂದು ಎಲ್ಲರೆದುರು ತಾವೇ ಎಣಿಸಿ ತೋರಿಸಿದವರ ಬಗ್ಗೆ ಆ ಗಾದೆ ಹೇಳಿ ನಕ್ಕಿದ್ದ ನಮ್ಮ ನಾಲಿಗೆಗೆ ಸುದ್ದಿ ಕೇಳಿದ ದಿನವೇ ಬುದ್ಧಿ ಬಂತು.

ಬಂದ ನಿರ್ಣಾಯಕರು ಕನ್ನಡಕ ಏರಿಸಿ, “ಹಾಗಾದರೆ ಇದರಲ್ಲಿ ಹೊಸದೇನು?” ಎಂದು ಕೇಳಿದರು. “ಹೊಸದು ಇಲ್ಲ ಸರ್, ಸರಿಯಾದದ್ದು ಇದೆ” ಎಂದರು ಮೇಡಂ. ಅವರು ತಲೆಯಾಡಿಸಿ ಮುಂದೆ ನಡೆದರು. ಬಹುಮಾನ ಬೇರೆಯವರಿಗೆ ಹೋಯಿತು. ಆದರೆ ಹಿರಿಯ ವಿಜ್ಞಾನಿಯೊಬ್ಬರು, ತಲೆಯೆಲ್ಲ ನರೆತ ಹೆಣ್ಣುಮಗಳು, ಅಲ್ಲಿಂದ ಕದಲಲೇ ಇಲ್ಲ. ಚರ್ಮ ಹೊಚ್ಚುವುದು ಹೇಗೆಂದು ಕೇಳಿದರು. ಧೂಳಮ್ಮ ಸಮ್ಮೇಳನದವರು ಕೊಟ್ಟ ಬಟ್ಟೆಯ ಚೀಲವನ್ನು ಮೊಮ್ಮಗಳ ಬೆನ್ನಿಗೆ ಕಟ್ಟಿ, ಆಕೆಯನ್ನು ಬಗ್ಗಿಸಿ ನಿಲ್ಲಿಸಿ ತೋರಿಸಿಯೇ ಬಿಟ್ಟರು. ಸುತ್ತ ಜನ ಸೇರಿತು. ಆ ಹಿರಿಯರು ಹೋಗುವಾಗ, ಊರೂರು ತಿರುಗಿ ತಾವು ಕೂಡಿಸಿದ ವಂಶಾವಳಿಗಳಲ್ಲೂ ಈ ಪ್ರಶ್ನೆ ಕೇಳಿಲ್ಲ, ಹೋಗಿ ಕೇಳಬೇಕು ಎಂದರಂತೆ.

ಸೋತು ಬಂದವರು ಸುಮ್ಮನೆ ಕೂಡಬೇಕಷ್ಟೆ. ಮೇಡಂ ಮುಂದಿನ ಭಾನುವಾರವೇ ಹೊಸ ನೋಟ್‌ಬುಕ್ ಹಿಡಿದು ಘಾಟಬೋರಾಳದಲ್ಲಿದ್ದರು. ಈ ಸಲ ಪ್ರತಿ ಮರಿಯ ಎದುರು ಎರಡು ಕಾಲಂ: ಹೆತ್ತಾಕಿ, ಹಾಲು ಕೊಟ್ಟಾಕಿ. ಆಯಿಯ ನೇಮಕ್ಕೆ ಭಂಗ ಬರದಂತೆ, ಮೊದಲ ಕಾಲಂ ಬರೆಯಲು ಇಬ್ಬರೂ ಹಟ್ಟಿ ಬಿಟ್ಟು ದೂರದ ಬೇವಿನ ಮರದವರೆಗೆ ನಡೆದು ಹೋಗುತ್ತಿದ್ದರು. ಆರು ವರ್ಷಗಳ ಆ ದುಡಿಮೆ ಕಳೆದ ವರ್ಷ ಸಂಶೋಧನ ಪತ್ರಿಕೆಯಲ್ಲಿ ಅಚ್ಚಾಯಿತು. ಎರಡನೆಯ ಲೇಖಕಿ ಧೂಳಮ್ಮ. ಸಂಸ್ಥೆ ಯಾವುದೆಂದು ಪತ್ರಿಕೆಯವರು ಮೂರು ಸಲ ಬರೆದು ಕೇಳಿದರು, ಮೇಡಂ ಮೂರು ಸಲವೂ ‘ಕುರಿಹಟ್ಟಿ, ಘಾಟಬೋರಾಳ’ ಎಂದೇ ಬರೆದರು.

ಧನಶ್ರೀ ಈಗ ನಮ್ಮದೇ ವಿಭಾಗದ ಉಪನ್ಯಾಸಕಿ. ಮೇಡಂ ಅವರಿಗಾಗಿ ತಂದ ಈ ಅಭಿನಂದನ ಸಂಪುಟದ ಪರಿಚಯ ಪುಟವನ್ನು ಆಕೆ ಮೊನ್ನೆ ಹಟ್ಟಿಯಲ್ಲಿ ಆಯಿಗೆ ಓದಿ ಹೇಳಿದಳು. ಮದುವೆಯಾಗದ ಮೇಡಂ ಅವರ ಪರಿಚಯದಲ್ಲಿ ನಾವು, ಸಮಿತಿಯ ಜಾಣರು, ‘ಮಕ್ಕಳು: ಇಲ್ಲ’ ಎಂದು ಅಚ್ಚು ಹಾಕಿಸಿದ್ದೆವು. ಎಪ್ಪತ್ತು ದಾಟಿದ ಧೂಳಮ್ಮ ಮರುದಿನವೇ ಬಸ್ಸು ಹತ್ತಿ ಕಾಲೇಜಿಗೆ ಬಂದರು. “ಹೆತ್ತಾಕಿ ಕಾಲಂ ಒಂದೇ ಬರದು ಇನ್ನೊಂದು ಬಿಟ್ಟೀರಲ್ಲರಿ! ನಾ ಬಿಟ್ಟಾಗ ಬಾಯಾರು ಎಲ್ಲರ ಮುಂದ ತಿದ್ದಿದ್ರು. ಈಗ ನೀವು ತಿದ್ರಿ” ಎಂದು ನಮ್ಮೆಲ್ಲರನ್ನೂ ನಿಲ್ಲಿಸಿ ಬೈದರು.

ಮೇಡಂ ನೂರು ಕಾಲ ಗಟ್ಟಿಯಾಗಿ ಬಾಳಲಿ, ಭಾನುವಾರದ ನೋಟ್‌ಬುಕ್ಕಿಗೆ ನಿವೃತ್ತಿ ಬಾರದಿರಲಿ ಎಂದು ಹರಸುವ ಮುನ್ನ ಓದುಗರಲ್ಲಿ ಒಂದು ವಿನಂತಿ. ಪರಿಚಯ ಪುಟದ ‘ಇಲ್ಲ’ ಎಂಬ ಮಾತಿನ ಮೇಲೆ ಕಪ್ಪು ಗೆರೆ ಕಂಡರೆ ಅಚ್ಚಿನ ತಪ್ಪೆಂದು ತಿಳಿಯಬೇಡಿ. ಐನೂರು ಪ್ರತಿಗಳಲ್ಲಿಯೂ ಅದನ್ನು ಹಳೆಯ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಸಾಲು ನಿಂತು, ಒಬ್ಬೊಬ್ಬರಾಗಿ ಕೈಯಾರೆ ಎಳೆದಿದ್ದಾರೆ. ಕೊಹಿನೂರದ ಬಸ್ಸಿನವರು ಮೊದಲು.